ಗೋಡೆಯ ಮೇಲಿನ ಹದಿನೇಳು

ನಮ್ಮ ಮನೆಯ ತಲಬಾಗಿಲ ಬಲಕ್ಕೆ, ಒಳಗಿನ ಗೋಡೆಯ ಮೇಲೆ, ಚಳಿಗಾಲ ಮುಗಿಯುವ ತನಕ ದಿನವೂ ಒಂದು ಅಂಕಿ ಇರುತ್ತಿತ್ತು. ಇದ್ದಿಲಿನಲ್ಲಿ ಬರೆದದ್ದು. ಬೇರೆಯವರ ಮನೆಗಳಲ್ಲಿ ಆ ಜಾಗದಲ್ಲಿ ದೇವರ ಪಟವೋ ಕ್ಯಾಲೆಂಡರೋ ಇರುತ್ತಿತ್ತು. ನಮ್ಮಲ್ಲಿ ಮಾತ್ರ ಮರುದಿನ ಬೆಳಗಿನ ಥಂಡಿ ಎಷ್ಟೆಂಬ ಅಂಕಿ. ಅದನ್ನು ನೋಡದೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಯಾರು ಏನು ಹೊದ್ದುಕೊಂಡು ಹೊರಗೆ ಹೋಗಬೇಕು, ಯಾರು ಏನೂ ಹೊದೆಯದೆ ಹೋಗಬೇಕು ಎಂಬುದು ಅದರಿಂದ ತೀರ್ಮಾನವಾಗುತ್ತಿತ್ತು. ತೀರ್ಮಾನ ಮಾಡುವವನು ನಮ್ಮಪ್ಪ. ಬರೆಯುವವಳು ನಾನು. ಆಗ ನನಗೆ ಹತ್ತು ವರ್ಷ, ಸಾಲೆಯಲ್ಲಿ ಎಲ್ಲರಿಗಿಂತ ನನ್ನ ಅಕ್ಷರ ದುಂಡಗೆ ಎಂದು ಹೆಸರಾಗಿತ್ತು. ಆ ಅಕ್ಷರದ ಮೇಲೆ ನನಗಿದ್ದ ಜಂಬವನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಧುಪದಾಳದ ಒಡ್ಡಿನ ಹಿಂದೆ ಘಟಪ್ರಭೆಯ ನೀರು ನಿಲ್ಲುತ್ತದಲ್ಲ, ಆ ನೀರಿನ ದಂಡೆಗೆ ನಮ್ಮ ಮನೆ. ಊರು ಸ್ವಲ್ಪ ಎತ್ತರದಲ್ಲಿತ್ತು, ಕುರುಬರ ನಾಲ್ಕು ಮನೆಗಳು ಮಾತ್ರ ಕೆಳಗಿನ ತಗ್ಗಿನಲ್ಲಿ, ಕುರಿಗಳಿಗೆ ನೀರು ಹತ್ತಿರವಾಗಲಿ ಎಂದು. ಎರಡು ಅಂಕಣದ ಮನೆ. ಒಂದರಲ್ಲಿ ಎಳೆಯ ಮರಿಗಳು, ಉಣ್ಣೆಯ ಮೂಟೆಗಳು, ಅಪ್ಪನ ಹಾಸಿಗೆ. ಇನ್ನೊಂದರಲ್ಲಿ ಒಲೆ, ಬೀಸುವ ಕಲ್ಲು, ಆಯಿ, ಅವ್ವ, ನಾನು, ನನ್ನ ತಂಗಿ ಬಾಳವ್ವ. ಆಯಿ ಅಂದರೆ ಅಪ್ಪನ ತಾಯಿ. ಹೊರಗೆ ತಗಡಿನ ಚಪ್ಪರದಡಿ ಕಂಬಳಿ ನೇಯುವ ಮಗ್ಗ, ಅದರಾಚೆ ಕುರಿದೊಡ್ಡಿ. ಮನೆಯ ತುಂಬ ಉಣ್ಣೆಯ ವಾಸನೆ. ರೊಟ್ಟಿಯ ತುತ್ತಿನಲ್ಲಿ ಉಣ್ಣೆಯ ಎಳೆ ಬಂದರೆ ನಾವು ಅದನ್ನು ಬೆರಳಿನಿಂದ ತೆಗೆದು ಪಕ್ಕಕ್ಕಿಟ್ಟು ಉಣ್ಣುವುದನ್ನು ಮುಂದುವರಿಸುತ್ತಿದ್ದೆವು. ಅಷ್ಟು ಉಣ್ಣೆ ಇದ್ದ ಮನೆಯಲ್ಲಿ ನಾವು ನಾಲ್ವರು ಹೆಣ್ಣುಮಕ್ಕಳು ಚಳಿಗಾಲವನ್ನು ನಡುಗಿಯೇ ಕಳೆದೆವು. ಇದನ್ನು ಹೇಳಿದರೆ ನನ್ನ ಸೊಸೆಯಂದಿರು ನಂಬುವುದಿಲ್ಲ, ಅತ್ತೆ ಕತೆ ಕಟ್ಟುತ್ತಾಳೆ ಅಂದುಕೊಳ್ಳುತ್ತಾರೆ.

ಉಣ್ಣೆ ನೂಲುವವಳು ಅವ್ವ. ಮಧ್ಯಾಹ್ನದ ಊಟವಾದ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತರೆ ಕುರಿಗಳು ತಿರುಗಿ ಬರುವ ತನಕ ಅವಳ ಬೆರಳು ನಿಲ್ಲುತ್ತಿರಲಿಲ್ಲ. ನಮ್ಮ ಮನೆಯಿಂದ ಹೊರಬಿದ್ದ ಒಂದೊಂದು ಕಂಬಳಿಯ ಒಂದೊಂದು ಎಳೆಯೂ ಅವಳ ಬೆರಳಿನ ಸಂದಿಯಿಂದ ಬಂದದ್ದು. ನೇಯುವುದು ಅಪ್ಪ, ಹೊದೆಯುವುದು ಗಂಡಸರು. ಹೆಂಗಸರ ಹೆಗಲಿಗೆ ಕಂಬಳಿ ಬರಬಾರದು ಎಂಬುದು ನಮ್ಮ ಮನೆಯ ನೇಮ. ಉಳಿದ ಕುರುಬರ ಮನೆಗಳಲ್ಲಿ ಹೀಗಿತ್ತೋ ಇಲ್ಲವೋ ನಾ ಕಾಣೆ, ನಮ್ಮಲ್ಲಿ ಮಾತ್ರ ಆಯಿ ಇದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಒಮ್ಮೆ ಬಾಳವ್ವ ಆಟಕ್ಕೆಂದು ಅಪ್ಪನ ಕಂಬಳಿಯನ್ನು ತಲೆಯ ಮೇಲೆ ಕುಂಚಿಗೆಯಂತೆ ಹಾಕಿಕೊಂಡು ಅಂಗಳದಲ್ಲಿ ಕುಣಿದಳು. ಆಯಿ ಎದ್ದು ಬಂದು ಕಿತ್ತುಕೊಂಡಳು.

"ಅದು ನಮ್ಮ ದೇವ್ರ ಬೀರಪ್ಪನ ವಸ್ತ್ರ ಐತಿ. ಗಂಡಸರ ಹೆಗಲಿಂದು. ಹೆಣ್ಣಿನ ಮೈಗೆ ಹತ್ತಿದ್ರ ಕುರಿಗೆ ರೋಗ ಬರತೈತಿ, ತಿಳೀತ?"

ಬಾಳವ್ವನಿಗೆ ಆಗ ಆರು ವರ್ಷ. ತಿಳಿಯಿತು ಅಂತ ತಲೆಯಾಡಿಸಿದಳು. ಆಯಿಗೂ ಅದೇ ನೇಮ ತಾನೆ, ಅವಳೂ ಕಂಬಳಿ ಹೊದೆಯದೆಯೇ ಮುದುಕಿಯಾದವಳು. ತಾನು ಪಟ್ಟದ್ದನ್ನು ಸೊಸೆ ಪಡದೆ ಇರಬಾರದು ಎಂಬ ಹಟ ಅವಳದು ಎಂದು ನನಗೆ ಆಮೇಲೆ ಹೊಳೆಯಿತು.

ಇನ್ನು ಆ ಅಂಕಿಯ ಸಂಗತಿ. ಅಪ್ಪ ನಾಲ್ಕನೆಯ ಇಯತ್ತೆ ಕಲಿತವನು. ತಗ್ಗಿನ ನಾಲ್ಕು ಮನೆಗಳಲ್ಲಿ ಓದು ಬರಹ ಬಲ್ಲವನು ಅವನೊಬ್ಬನೇ. ಒಂದು ವರ್ಷ ಮೂಡಲಗಿಯ ಸಂತೆಯಲ್ಲಿ ಟಗರು ಮಾರಿ ಬರುವಾಗ ಒಂದು ರೇಡಿಯೋ ತಂದ. ಸಂಜೆಯ ಸುದ್ದಿ ಮುಗಿದ ಮೇಲೆ ಒಬ್ಬರು ನಿಧಾನವಾಗಿ ಒಂದೊಂದೇ ಊರಿನ ಹೆಸರು ಹೇಳಿ ಕನಿಷ್ಠ ಉಷ್ಣಾಂಶ ಇಷ್ಟು ಡಿಗ್ರಿ ಅನ್ನುತ್ತಿದ್ದರು. ಅದು ಅಪ್ಪನಿಗೆ ಮಂತ್ರದಂತೆ ಹಿಡಿಸಿಬಿಟ್ಟಿತು. ಬೆಳಗಾವಿಯ ಹೆಸರು ಬರುವ ತನಕ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ, ಮರಿ ಕೂಗಿದರೂ ಸಿಟ್ಟು. ಅಂಕಿ ಕಿವಿಗೆ ಬಿದ್ದ ಕೂಡಲೇ ನನ್ನತ್ತ ತಿರುಗಿ ಬರಿ ಅನ್ನುತ್ತಿದ್ದ. ಹದಿನಾಲ್ಕರ ಕೆಳಗೆ ಬಂದರೆ ಥಂಡಿ, ಹದಿನಾಲ್ಕು ಮತ್ತು ಅದರ ಮೇಲೆ ಥಂಡಿ ಅಲ್ಲ. ಈ ಹದಿನಾಲ್ಕನ್ನು ಅವನಿಗೆ ಯಾರು ಕೊಟ್ಟರೋ ಗೊತ್ತಿಲ್ಲ, ಘಟಪ್ರಭಾ ಸ್ಟೇಶನ್ನಿನ ಚಹಾದಂಗಡಿಯಲ್ಲಿ ಯಾರೋ ಶಾಣ್ಯಾ ಹೇಳಿದ್ದಿರಬೇಕು. ಹದಿನಾಲ್ಕರ ಕೆಳಗಿದ್ದರೆ ನನಗೆ ಬಾಳವ್ವನಿಗೆ ಕೂಡಿ ಇದ್ದ ಒಂದೇ ಸ್ವೆಟರನ್ನು ಒಂದು ದಿನ ಅವಳು, ಒಂದು ದಿನ ನಾನು ಹಾಕಿಕೊಳ್ಳಬಹುದು. ಅವ್ವ ಹೊಳೆಗೆ ನೀರಿಗೆ ಹೋಗುವಾಗ ಕೌದಿ ಸುತ್ತಿಕೊಳ್ಳಬಹುದು. ಹದಿನಾಲ್ಕರ ಮೇಲಿದ್ದರೆ ಸ್ವೆಟರು ಟ್ರಂಕಿನಲ್ಲಿ, ಕೌದಿ ಗಳುವಿನ ಮೇಲೆ, ನಾವು ಬರೀ ಪರಕಾರ ಪೋಲಕದ ಮೇಲೆ ಸಾಲೆಗೆ.

"ಮೈಗೆ ರೂಢಿ ಮಾಡಿದಂಗ. ಹೊದಸಿದಷ್ಟೂ ಬೇಡತೈತಿ" ಅನ್ನುತ್ತಿದ್ದ ಅಪ್ಪ, ತನ್ನ ಹೆಗಲಿನ ಕಂಬಳಿಯನ್ನು ಸರಿಮಾಡಿಕೊಳ್ಳುತ್ತ.

ಅವನ ಕಂಬಳಿಗೆ ಅಂಕಿಯ ಹಂಗಿರಲಿಲ್ಲ. ಬ್ಯಾಸಗಿಯಲ್ಲೂ ಅದು ಅವನ ಹೆಗಲ ಮೇಲೇ ಇರುತ್ತಿತ್ತು. ಕುರಿ ಕಾಯುವವನ ಹೆಗಲು ಬರಿದಾಗಿರಬಾರದು ಅಂತ ಅದಕ್ಕೊಂದು ಬೇರೆ ನೇಮ.

ಅವ್ವನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಅವಳು ದಡ್ಡಿ ಎಂಬ ಊರಿನವಳು, ಹುಟ್ಟಿದ್ದೂ ಹೊಳೆಯ ದಂಡೆ, ಕೊಟ್ಟದ್ದೂ ಹೊಳೆಯ ದಂಡೆಗೆ. ನಾಳೆಯ ಥಂಡಿಯನ್ನು ಅವಳು ಬೇರೆ ರೀತಿಯಲ್ಲಿ ತಿಳಿಯುತ್ತಿದ್ದಳು. ಸಂಜೆ ಒಲೆ ಹೊತ್ತಿಸಿ ಹೊರಗೆ ಬಂದು ನಿಂತು ಹೊಗೆಯನ್ನು ನೋಡುತ್ತಿದ್ದಳು. ಹೊಗೆ ನೆಟ್ಟಗೆ ಮೇಲೆ ಹೋದರೆ ಏನೂ ಅನ್ನುತ್ತಿರಲಿಲ್ಲ. ಹೊಗೆ ಮನೆಯ ಮಾಳಿಗೆಯಷ್ಟು ಎತ್ತರಕ್ಕೆ ಏರಿ ಅಲ್ಲೇ ಚಪ್ಪಟೆಯಾಗಿ ಹರಡಿಕೊಂಡು ನೀರಿನ ಕಡೆ ಜಾರತೊಡಗಿದರೆ, ಆಕಾಶದಲ್ಲಿ ಒಂದೂ ಮೋಡ ಇಲ್ಲದಿದ್ದರೆ, ಒಳಗೆ ಬಂದು ಸುಮ್ಮನೆ ಬಾಳವ್ವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮರುದಿನ ಬೆಳಿಗ್ಗೆ ಅಂಗಳದ ಕಲ್ಲಿನ ಮೇಲೆ ಕಾಲಿಟ್ಟರೆ ಸೂಜಿ ಚುಚ್ಚಿದಂತೆ ಆಗುತ್ತಿತ್ತು. ಅಪ್ಪ ಗೋಡೆ ನೋಡುತ್ತಿದ್ದ.

ಅಂಥದೊಂದು ಬೆಳಿಗ್ಗೆ ನನಗೆ ಸ್ಪಷ್ಟವಾಗಿ ನೆನಪಿದೆ. ಅವ್ವ ಹೊಳೆಯಿಂದ ಎರಡು ಕೊಡ ತುಂಬಿಕೊಂಡು ಬಂದಳು. ತಲೆಯ ಮೇಲಿನ ಕೊಡದ ನೀರು ತುಳುಕಿ ಕುಪ್ಪಸ ಒದ್ದೆಯಾಗಿತ್ತು. ಕೊಡ ಇಳಿಸಲು ಹೋದರೆ ಬೆರಳು ಮಡಚಲಿಲ್ಲ, ಕೊಡ ಜಾರಿ ಅರ್ಧ ನೀರು ಚೆಲ್ಲಿತು. ಒಲೆಯ ಮುಂದೆ ಕೂತು ಎರಡೂ ಅಂಗೈಯನ್ನು ಬೆಂಕಿಗೆ ಹಿಡಿದಳು.

"ಭಾಳ ಥಂಡಿ ಐತಿವತ್ತ. ನಾಳಿಂದ ಕೌದಿ ಸುತಗೊಂಡ ಹೋಗತೇನ್ರಿ."

"ಗ್ವಾಡಿ ನೋಡಿಯೇನ?" ಅಂದ ಅಪ್ಪ.

"ಗ್ವಾಡಿ ನೋಡಿದ್ರ ನನಗೇನ ತಿಳಿತೈತ್ರಿ."

ಅಪ್ಪ ನನ್ನತ್ತ ತಿರುಗಿದ. ಹೇಳು ನಿಮ್ಮವ್ವಗ ಅಂದ. ನಾನು ಎದ್ದು ನಿಂತು, ಸಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಕೈ ಕಟ್ಟಿ ಹೇಳಿದೆ.

"ಹದಿನೈದ ಐತಿ ಯವ್ವಾ. ಹದಿನೈದಕ್ಕ ಯಾರಿಗೂ ಥಂಡಿ ಆಗೂದಿಲ್ಲ."

ಅಪ್ಪ ನಕ್ಕ. ಶಾಣ್ಯಾಕಿ ಅಂದ. ಆ ಮಾತಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಅವ್ವ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಹೌದೋ ಏನೋ, ಸಾಲೆ ಕಲಿತ ಮಗಳು ಹೇಳುತ್ತಾಳೆ, ತನ್ನ ಮೈಯೇ ತಪ್ಪಿರಬಹುದು ಎಂಬಂತೆ ನೋಡಿದಳು. ಆಮೇಲೆ ಕೈಯನ್ನು ಬೆಂಕಿಯಿಂದ ಹಿಂದೆ ತೆಗೆದುಕೊಂಡು ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಅಂದಿನಿಂದ ಅವಳು ಥಂಡಿ ಎಂಬ ಮಾತನ್ನೇ ಎತ್ತಲಿಲ್ಲ. ಕೆಮ್ಮು ಮಾತ್ರ ಶುರುವಾಯಿತು.

ಆ ವರ್ಷ ಉಣ್ಣೆ ಕತ್ತರಿಸುವ ಹೊತ್ತಿಗೆ ಕೆಮ್ಮು ತಿಂಗಳು ದಾಟಿತ್ತು. ಮೂಡಲಗಿಯಿಂದ ಉಣ್ಣೆ ಕೊಳ್ಳುವವ ಎರಡು ದಿನ ಬಿಟ್ಟು ಬರುತ್ತೇನೆಂದು ಹೇಳಿಕಳಿಸಿದ್ದ. ಕುರಿಯ ಉಣ್ಣೆ ತೆಗೆಯುವುದೆಂದರೆ ಅದರ ಮೈಮೇಲಿನ ಅಂಗಿ ಬಿಚ್ಚಿದ ಹಾಗೆ. ಯಾವಾಗ ಬಿಚ್ಚಬೇಕು, ಎಷ್ಟು ಬಿಚ್ಚಬೇಕು, ಎಷ್ಟು ಬೆರಳು ದಪ್ಪ ಉಳಿಸಬೇಕು ಎಂಬುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. ಗಬ್ಬದ ಕುರಿಯ ಹೊಟ್ಟೆಯ ಕೆಳಗಿನ ಉಣ್ಣೆಯನ್ನು ಮುಟ್ಟುತ್ತಿರಲಿಲ್ಲ, ಮುದಿ ಕುರಿಗೆ ಬೆನ್ನಿನ ಮೇಲೆ ಒಂದು ಪಟ್ಟಿ ಬಿಡುತ್ತಿದ್ದ. ಯಾವ ಕುರಿಗೆ ಎಷ್ಟು ಬೆಚ್ಚಗೆ ಬೇಕೆಂದು ಅವನು ಬಲ್ಲವನಾಗಿದ್ದ. ಆ ವಾರ ರೇಡಿಯೋ ಒಂದು ದಿನ ಹದಿನೆಂಟು ಅಂತು, ಮರುದಿನ ಹದಿನೇಳು. ಹಿಂದಿನ ದಿನದ ಅಂಕಿಯನ್ನು ಒರೆಸಿ ಹದಿನೇಳನ್ನು ನಾನು ಎಂದಿಗಿಂತ ದೊಡ್ಡದಾಗಿ ಬರೆದೆ. ಅಪ್ಪನಿಗೆ ಖುಷಿಯಾಗಿತ್ತು. ಬೆಳಗಿನಿಂದಲೇ ಕತ್ತರಿ ಮಸೆದು ಕೂತ, ಸಂಜೆಯ ಹೊತ್ತಿಗೆ ಒಂದು ಕುರಿಯನ್ನೂ ಬಿಡದೆ ಬೋಳಿಸುವ ಲೆಕ್ಕ ಅವನದು. ಮಧ್ಯಾಹ್ನ ದಾಟಿ, ಅರ್ಧ ಹಿಂಡು ಮುಗಿದಾಗ, ಅವ್ವ ಒಲೆ ಹಚ್ಚಿ ಹೊರಗೆ ಬಂದಳು. ಹೊಗೆಯನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮಿ ಮುಗಿಸಿಕೊಂಡು ದೊಡ್ಡಿಯ ಹತ್ತಿರ ಹೋಗಿ ನಿಂತಳು.

"ಉಳದದ್ದ ನಾಳೆ ಮಾಡ್ರಿ. ಹೊಗಿ ಮ್ಯಾಲ ಏಳವಲ್ದು. ಗಾಳಿ ಸತ್ತೈತಿ, ಮುಗಲ ತೊಳದ ಇಟ್ಟಂಗ ಆಗೈತಿ."

"ಹದಿನೇಳ ಐತಿ" ಅಂದ ಅಪ್ಪ, ತಲೆ ಎತ್ತದೆ.

"ನಾ ಹೇಳೂದ ಹೇಳೇನಿ."

"ಒಲಿ ಮುಂದ ಕುಂತಾಕಿ ಬೆಳಗಾವಿ ಹವಾ ಹೇಳಾಕ ಬಂದ್ಲು ನೋಡ" ಅಂತ ಅಪ್ಪ ಆಯಿಯ ಕಡೆ ನೋಡಿ ನಕ್ಕ. ಆಯಿ ನಕ್ಕಳು. ನಾನೂ ನಕ್ಕೆ.

ಆ ಸಂಜೆಯೂ ರೇಡಿಯೋ ಹದಿನೇಳನ್ನೇ ಹೇಳಿತು. ಮರುದಿನ ಇನ್ನೂ ಬೆಳಕು ಹರಿಯುವ ಮುಂಚೆ ಅಪ್ಪ ಬಾಗಿಲನ್ನು ದೂಡಿಕೊಂಡು ಒಳಗೆ ಬಂದ. ಅವನ ದನಿ ಅಷ್ಟು ಗಾಬರಿಯಾಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಏಳ್ರಿ, ಏಳ್ರಿ! ಕುರಿಗೋಳ ನಡಗಾಕತ್ತಾವು!"

ನಮ್ಮ ಮೈಮೇಲಿನ ಕೌದಿಯನ್ನು ಒಂದೇ ಎಳೆತಕ್ಕೆ ಎಳೆದುಕೊಂಡ. ಅದು ದಡ್ಡಿಯ ಅಜ್ಜಿ ತನ್ನ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಹೊಲಿದು ಅವ್ವನಿಗೆ ಕೊಟ್ಟ ಕೌದಿ. ಟ್ರಂಕು ತೆಗೆದು ಸ್ವೆಟರು ಹೊರಗೆಳೆದ. ಹಗ್ಗದ ಮೇಲೆ ಒಣಹಾಕಿದ್ದ ಅವ್ವನ ಇನ್ನೊಂದು ಸೀರೆ, ಆಯಿಯ ಹಳೆಯ ಸೀರೆ, ಗೋಣಿಚೀಲ, ಮಾರಲಿಕ್ಕೆಂದು ಮಡಚಿಟ್ಟ ಮೂರು ಹೊಸ ಕಂಬಳಿ, ಎಲ್ಲವೂ ದೊಡ್ಡಿಗೆ ಹೋದವು. ನಾವು ಬರಿಗಾಲಲ್ಲಿ ಹಿಂದೆ ಓಡಿದೆವು. ನೀರಿನ ಮೇಲೆ ಮಂಜು ಕವಿದು ಆಚೆಯ ದಂಡೆ ಕಾಣುತ್ತಿರಲಿಲ್ಲ. ಬೋಳಾದ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ಗುಂಪಾಗಿ ನಿಂತಿದ್ದವು, ಇಡೀ ದೊಡ್ಡಿಯೇ ನಡುಗುತ್ತಿರುವಂತೆ ಕಾಣುತ್ತಿತ್ತು. ಅಪ್ಪ ಒಂದೊಂದಕ್ಕೂ ಹೊದಿಸುತ್ತ, ಬೆನ್ನು ತಿಕ್ಕುತ್ತ, ನನ್ನವ್ವಾ, ನನ್ನ ತಾಯಿ ಅನ್ನುತ್ತ ಅಳುತ್ತಿದ್ದ. ನಮ್ಮ ಸ್ವೆಟರನ್ನು ಒಂದು ಮರಿಗೆ ತೊಡಿಸಿ ಗುಂಡಿ ಹಾಕಿದ. ಹೆಂಗಸರ ಹೆಗಲಿಗೆ ಬರಬಾರದ ಕಂಬಳಿ ಹೆಣ್ಣು ಕುರಿಗಳ ಹೆಗಲಿಗೆ ಬಂತು. ಆಯಿ ತಾನೇ ಎತ್ತಿ ಕೊಟ್ಟಳು.

ಅವ್ವ ದೊಡ್ಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಕೇಳಿದ್ದು ಒಂದೇ ಮಾತು, ಅದೂ ಮೆಲ್ಲಗೆ.

"ಗ್ವಾಡಿ ಮ್ಯಾಲ ಹದಿನೇಳ ಐತೆಲ್ರಿ?"

"ಗ್ವಾಡಿಗೆ ಬೆಂಕಿ ಹಚ್ಚ! ಜೀಂವ ನಡಗೂದು ಕಣ್ಣಿಗೆ ಕಾಣವಲ್ದೇನ ನಿನಗ? ಮೂಕ ಪ್ರಾಣಿ, ಅವೇನ ಸುಳ್ಳ ಹೇಳತಾವ?"

ನನಗೆ ಹತ್ತು ವರ್ಷ ಅಂತ ಹೇಳಿದೆನಲ್ಲ. ಆ ಮಾತಿನ ಅರ್ಥ ನನಗೆ ಅಲ್ಲೇ, ಆ ಹೊತ್ತಿಗೇ ಆಯಿತು. ಕುರಿ ನಡುಗಿದರೆ ಅಂಕಿ ಸುಳ್ಳು. ಅವ್ವ ನಡುಗಿದರೆ ಅವ್ವ ಸುಳ್ಳು. ಅಪ್ಪ ದಡದಡ ಒಳಗೆ ಹೋಗಿ ನಾನು ದುಂಡಗೆ ಬರೆದಿದ್ದ ಹದಿನೇಳನ್ನು ಅಂಗೈಯಿಂದ ಒರೆಸಿಬಿಟ್ಟು, ಅದೇ ಕರಿ ಕೈಯಿಂದ ಹೊಳೆಯ ಕಡೆ ತೋರಿಸಿದ. ಕುರಿಗಳಿಗೆ ಬೆಲ್ಲ ಹಾಕಿ ಬಿಸಿನೀರು ಕುಡಿಸಬೇಕು, ನೀರು ತಾ ಅಂದ. ಅವ್ವ ಕೊಡ ಎತ್ತಿಕೊಂಡಳು. ಅವಳ ಮೈಮೇಲೆ ಒಂದು ಸೀರೆ, ಒಂದು ಕುಪ್ಪಸ. ಸುತ್ತಿಕೊಳ್ಳಲು ಮನೆಯಲ್ಲಿ ಒಂದು ಚಿಂದಿಯೂ ಉಳಿದಿರಲಿಲ್ಲ, ಎಲ್ಲ ದೊಡ್ಡಿಯಲ್ಲಿತ್ತು. ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ಬಂದಾಗ ಹಲ್ಲು ಕಟಕಟ ಅನ್ನುವುದು ನನಗೆ ಒಲೆಯ ಹತ್ತಿರಕ್ಕೆ ಕೇಳಿಸುತ್ತಿತ್ತು. ಅಪ್ಪ ಅವಳ ಕೈಯಿಂದ ಕೊಡ ಇಸಿದುಕೊಂಡು ದೊಡ್ಡಿಗೆ ಓಡಿದ. ಎರಡು ಮರಿ ಸತ್ತವು, ಉಳಿದವು ಬಿಸಿಲೇರಿದ ಮೇಲೆ ಸುಧಾರಿಸಿಕೊಂಡವು.

ಅವ್ವ ಮಧ್ಯಾಹ್ನಕ್ಕೆ ಮಲಗಿದವಳು ಏಳಲಿಲ್ಲ. ಮೈ ಸುಡುತ್ತಿತ್ತು, ಉಸಿರೆಳೆದರೆ ಎದೆಯಲ್ಲಿ ಗರಗರ ಸದ್ದು. ಮೂರನೆಯ ದಿನ ಗೋಕಾಕಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಅವಳನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು, ನಾನು ಹೋದೆ. ದವಾಖಾನೆಯ ಡಾಕ್ಟರು ವಯಸ್ಸಾದವರು, ಎದೆಗೆ ಬೆನ್ನಿಗೆ ಸ್ಟೆತೊಸ್ಕೋಪು ಹಚ್ಚಿ ನೋಡಿ, ಅವ್ವನ ಕೆಮ್ಮು ಎಷ್ಟು ದಿನದ್ದು, ಮೂರು ದಿನದ ಹಿಂದೆ ಏನು ಮಾಡಿದಳು ಅಂತ ನನ್ನನ್ನು ಕೇಳಿದರು. ನಾನು ಹೇಳಿದೆ. ಅವರು ಅಪ್ಪನ ಕಡೆ ನೋಡಿದರು. ಅಪ್ಪನ ಹೆಗಲ ಮೇಲಿನ ಕಂಬಳಿಯನ್ನೂ ನೋಡಿದರು.

"ಎದಿ ತುಂಬ ಕಫಾ ಕಟ್ಟೈತಿ. ಇಂಥಾ ಕೆಮ್ಮ ಇದ್ದಾಕಿನ್ನ ಅಂಥಾ ಥಂಡ್ಯಾಗ, ಮೈಮ್ಯಾಲ ಏನೂ ಇಲ್ಲದ ಹೊಳಿಗೆ ಕಳಸ್ತಾರೇನ್ರಿ ಯಾರಾದ್ರೂ?"

ಅಪ್ಪ ಎರಡೂ ಕೈ ಜೋಡಿಸಿ ಹೇಳಿದ.

"ರೇಡಿಯೋದಾಗ ಹದಿನೇಳ ಹೇಳಿದ್ರರೀ ಸಾಹೇಬ್ರ."

ಡಾಕ್ಟರು ಚೀಟಿ ಬರೆಯತೊಡಗಿದರು. ಅಪ್ಪ ಆ ಮಾತನ್ನು ತಪ್ಪಿಸಿಕೊಳ್ಳಲು ಹೇಳಿದ್ದಲ್ಲ, ಖರೇನೇ ನಂಬಿ ಹೇಳಿದ್ದು ಎಂಬುದು ನನಗೆ ಗೊತ್ತಿತ್ತು. ಅದೇ ನನಗೆ ಇಂದಿಗೂ ಸಹಿಸಲಾಗದ್ದು. ಒಂದು ವಾರ ಅವ್ವ ಅಲ್ಲಿದ್ದಳು. ಕರೆದುಕೊಂಡು ಬರುವ ದಿನ ಅಪ್ಪ ಪೇಟೆಯಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿದ. ಕರದಂಟಿನ ಅಂಗಡಿಯ ಬಾಜೂಕ್ಕೇ ಶಾಲು, ಸ್ವೆಟರು ತೂಗಹಾಕಿದ ಅಂಗಡಿ ಇತ್ತು. ನಾನು ಅದರ ಮುಂದೆ ನಿಂತೆ. ಅಪ್ಪ ನನ್ನ ರಟ್ಟೆ ಹಿಡಿದು, ಬಸ್ಸ ಹೋಗತೈತಿ ನಡಿ ಅಂದ.

ಅವ್ವ ಆಮೇಲೆ ಆರು ವರ್ಷ ಬದುಕಿದಳು. ಎರಡು ಕೊಡದ ಬದಲು ಒಂದೇ ಕೊಡ, ನಡುವೆ ಎರಡು ಕಡೆ ಕೂತು ಏದುಸಿರು ಬಿಡಬೇಕು. ಅಪ್ಪ ಒಂದು ಸಡಿಲಿಕೆ ಕೊಟ್ಟ: ಅವಳು ಯಾವ ಅಂಕಿಗಾದರೂ ಕೌದಿ ಸುತ್ತಿಕೊಳ್ಳಬಹುದು. ಅಷ್ಟರಲ್ಲಿ ಕೌದಿಯನ್ನು ಕುರಿಗಳು ತುಳಿದು ಹರಿದು ಹಾಕಿದ್ದವು, ಎಷ್ಟು ಒಗೆದರೂ ಹಿಕ್ಕೆಯ ವಾಸನೆ ಹೋಗಲಿಲ್ಲ. ದಡ್ಡಿಯ ಅಜ್ಜಿಯ ಸೀರೆಯ ಅಂಚು ಎಲ್ಲಿತ್ತು ಅಂತ ಅವ್ವ ಬೆರಳಿನಿಂದ ಹುಡುಕುತ್ತ ಕೂತಿರುವುದನ್ನು ನಾನು ನೋಡಿದ್ದೇನೆ. ಗೋಡೆಯ ಮೇಲೆ ಅಂಕಿ ಮತ್ತೆ ಬಂತು. ಅಪ್ಪ ಬರಿ ಅಂದ, ನಾನು ಬರೆದೆ. ಒಲ್ಲೆ ಅನ್ನಬಹುದಿತ್ತು. ಅವ್ವನ ಮುಂದೆ ಕೂತು ತಪ್ಪಾಯ್ತು ಅನ್ನಬಹುದಿತ್ತು. ಆರು ವರ್ಷ ಸಣ್ಣ ಹೊತ್ತೇನಲ್ಲ. ನಾನು ಅನ್ನಲಿಲ್ಲ. ಅವಳು ತೀರಿಕೊಂಡ ದಿನ ಅಪ್ಪ ಟ್ರಂಕಿನಿಂದ ಹೊಸ ಕಂಬಳಿ ತೆಗೆದು, ಅಳುತ್ತ, ತಾನೇ ಅವಳ ಮೈಮೇಲೆ ಹೊದಿಸಿದ. ಹೆಣಕ್ಕೆ ಅಡ್ಡಿಯಿರಲಿಲ್ಲ. ಬಂದ ನೆಂಟರೆಲ್ಲ ಎಂಥಾ ಪುಣ್ಯವಂತಿ ಅಂದರು. ಆ ಕಂಬಳಿಯ ನೂಲೂ ಅವಳೇ ನೂತದ್ದು.

ಮುಂದೆ ನಾನು ಶಿಕ್ಷಕಿಯಾದೆ. ಮಾಸ್ತರಿಕೆಯ ತರಬೇತಿಯಲ್ಲಿ ಒಬ್ಬ ಸರ್ ಉಷ್ಣಾಂಶ ಅಳೆಯುವ ರೀತಿಯನ್ನು ವಿವರಿಸಿದರು. ಬಿಳಿ ಬಣ್ಣದ ಕಟ್ಟಿಗೆಯ ಪೆಟ್ಟಿಗೆ, ನಾಲ್ಕೂ ಕಡೆ ಗಾಳಿಯಾಡುವ ಸೀಳು, ನೆಲದಿಂದ ಎದೆಯೆತ್ತರದಲ್ಲಿ, ಬಿಸಿಲು ತಾಗದ ಹಾಗೆ. ಅದರೊಳಗೆ ತೂಗಿದ ಕೊಳವೆ ತೋರಿಸುವುದು ಆ ಜಾಗದ ಗಾಳಿಯ ಅಂಕಿಯನ್ನು. ಬಯಲಿನಲ್ಲಿ ಎಷ್ಟಿದೆ, ತಗ್ಗಿನಲ್ಲಿ ಎಷ್ಟಿದೆ, ಒದ್ದೆ ಬಟ್ಟೆಯೊಳಗೆ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಗಾಳಿ ಅಲುಗದ, ಮೋಡವಿಲ್ಲದ ರಾತ್ರಿ ತಂಪು ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಅದಕ್ಕೇ ಹೊಗೆ ಮೇಲೇಳದೆ ಚಪ್ಪಟೆಯಾಗಿ ಹರಡುತ್ತದೆ ಅಂತ ಅವರು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ನಾನು ಪೆನ್ನು ಕೆಳಗಿಟ್ಟೆ. ಅವ್ವ ಒಲೆ ಹಚ್ಚಿ ಹೊರಗೆ ಬಂದು ನಿಲ್ಲುತ್ತಿದ್ದುದು ಕಣ್ಣಿಗೆ ಕಟ್ಟಿತು. ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನೋಯಿಸಬೇಕೆಂದೇ ಹೇಳಿದೆ.

"ಹಂಗಾರ ರೇಡಿಯೋದವ್ರು ಸುಳ್ಳ ಹೇಳಿದ್ರ?" ಅಂದ.

"ಸುಳ್ಳಲ್ಲಪ್ಪಾ. ಅದು ಬೆಳಗಾವಿದು. ನಮ್ಮ ತಗ್ಗಿಂದಲ್ಲ."

"ಬೆಳಗಾವಿದ ನಮಗ್ಯಾಕ ಹೇಳಬೇಕಿತ್ತು?" ಅಂತ ಬೇಸರದಿಂದ ಅಂದು, ಬೀಡಿ ಹೊತ್ತಿಸಿಕೊಂಡ. ಅವನಿಗೆ ನೋವಾಗಲಿಲ್ಲ. ಮೋಸ ಹೋದವನು ತಾನು ಎಂದೇ ಅವನು ತಿಳಿದುಕೊಂಡ.

ಹುಕ್ಕೇರಿಯ ಸಾಲೆಯಲ್ಲಿ ನಾನು ಬಹಳ ವರ್ಷ ಕಲಿಸಿದೆ. ಯೂನಿಫಾರ್ಮಿನ ಮೇಲೆ ಬಣ್ಣದ ಸ್ವೆಟರು ಹಾಕಿದ ಮಕ್ಕಳನ್ನು ಸಾಲಿನಿಂದ ಹೊರಗೆ ನಿಲ್ಲಿಸಬೇಕು ಅಂತ ಹೆಡ್‌ಮಾಸ್ತರು ಅಂದಾಗ ಅವರ ಜೊತೆ ಜಗಳಾಡಿದೆ, ನನ್ನ ಮೇಲೆ ಮೇಲಿನವರಿಗೆ ಕಾಗದ ಹೋಯಿತು. ಥಂಡಿ ಅಂದ ಮಗುವಿಗೆ ಥಂಡಿ ಇಲ್ಲ ಅಂತ ನನ್ನ ವರ್ಗದಲ್ಲಿ ಯಾರೂ ಹೇಳಲಿಲ್ಲ. ಇದನ್ನು ಕೇಳಿದವರು ಟೀಚರ್ ಬಾಯೀರದು ತಾಯಿಯ ಕರುಳು ಅನ್ನುತ್ತಿದ್ದರು. ನನ್ನ ಕರುಳು ಎಂಥದ್ದು ಅಂತ ನನಗೆ ಗೊತ್ತಿತ್ತು. ಅದರೊಳಗೆ ಇನ್ನೊಂದು ಇತ್ತು, ಅದು ಹೊರಬಿದ್ದದ್ದು ತೀರ ಈಚೆಗೆ.

ನಿವೃತ್ತಿಯಾಗಿ ಗೋಕಾಕದಲ್ಲಿ ಮನೆ ಮಾಡಿದ ಮೇಲೆ ಅಪ್ಪ ನನ್ನ ಹತ್ತಿರ ಬಂದು ಇದ್ದ. ಕುರಿಗಳು ಯಾವಾಗಲೋ ಹೋಗಿದ್ದವು, ಕಣ್ಣೂ ಮಂಜಾಗಿತ್ತು. ಬೆಳಿಗ್ಗೆ ಅವನಿಗೆ ಕಟ್ಟೆಯ ಮೇಲೆ ಕೂಡುವ ಚಾಳಿ. ಒಂದು ಬೆಳಿಗ್ಗೆ ನಾನು ಅಂಗಳ ಕಸ ಹೊಡೆಯುತ್ತಿದ್ದೆ, ಇನ್ನೂ ಬಿಸಿಲು ಬಂದಿರಲಿಲ್ಲ. ಅಪ್ಪ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಗ್ಗಿ ಕೂತಿದ್ದ. ತೆಳ್ಳನೆಯ ಅಂಗಿ, ತಲೆಗೊಂದು ಟುವಾಲು. ಅವನ ಕಂಬಳಿಯನ್ನು ಹಿಂದಿನ ದಿನ ಬಿಸಿಲಿಗೆ ಹಾಕಿ ತೆಗೆದು ನಾನು ಒಳಗಿಟ್ಟಿದ್ದೆ.

"ಲಗಮವ್ವಾ, ಥಂಡಿ ಭಾಳ ಐತಿ ನೋಡು. ಕಂಬಳಿ ತಾರವ್ವಾ."

ನಾನು ಕಸಬರಿಗೆ ಕೆಳಗಿಟ್ಟೆ. ಫೋನು ತೆಗೆದೆ. ಈಗ ಫೋನಿನಲ್ಲಿ ನಮ್ಮ ಗೋಕಾಕದ್ದೇ ಬರುತ್ತದೆ, ಗಾಳಿಯದು ಬೇರೆ, ಮೈಗೆ ಎಷ್ಟು ಅನಿಸುತ್ತದೆ ಎಂಬುದು ಬೇರೆ, ಎರಡನ್ನೂ ತೋರಿಸುತ್ತದೆ. ಗಾಳಿಯದು ಹನ್ನೆರಡು ಇತ್ತು. ಮೈಗೆ ಅನಿಸುವುದು ಹತ್ತು.

"ಎಷ್ಟ ಐತಿ?" ಅಂದ ಅಪ್ಪ.

"ಹದಿನೇಳ ಐತಪ್ಪಾ."

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಬಹಳ ವರ್ಷದಿಂದ ನಾಲಗೆಯ ತುದಿಯಲ್ಲೇ ಇತ್ತೇನೋ. ನಾನು ಅವನ ಮುಖ ನೋಡುತ್ತ ನಿಂತೆ. ನೆನಪಾಗಲಿ, ಮುಖ ಬಾಡಲಿ, ಒಂದೇ ಒಂದು ಸಲ ನಿಮ್ಮವ್ವ ಅನ್ನಲಿ ಅಂತ ಕಾದೆ. ಅಪ್ಪ ಕಂಕುಳಿಂದ ಕೈ ಹೊರಗೆ ತೆಗೆದು, ಮೊಣಕಾಲ ಮೇಲಿಟ್ಟುಕೊಂಡ.

"ಹದಿನೇಳ? ಹಂಗಾರ ಥಂಡಿ ಇಲ್ಲ ಬಿಡು. ಮುದುಕ ಆಗೇನಿ, ಸುಮ್ನ ಅನಸತೈತಿ."

ಅವನ ಕೈ ನಡುಗುತ್ತಿತ್ತು. ಅವನು ಅದನ್ನು ನೋಡಲೂ ಇಲ್ಲ, ಎದುರಿನ ರಸ್ತೆ ನೋಡುತ್ತ ಕೂತ. ನಾನು ಕಸಬರಿಗೆ ಎತ್ತಿಕೊಂಡು ಉಳಿದ ಅಂಗಳವನ್ನೆಲ್ಲ ಹೊಡೆದೆ, ಕಸ ತುಂಬಿ ಹಾಕಿ ಬಂದೆ, ಕೈ ತೊಳೆದುಕೊಂಡೆ. ಆಮೇಲೆ ಒಳಗೆ ಹೋಗಿ ಕಂಬಳಿ ತಂದು ಹೊದಿಸಿದೆ. ಅಷ್ಟೊತ್ತಿಗೆ ಕಟ್ಟೆಯ ಮೇಲೆ ಬಿಸಿಲು ಬಂದಿತ್ತು.